ವರ್ಷಕ್ಕೆ 2,803

ನೌಕರಿಯ ಆಧಾರದಲ್ಲಿ ಅಮೆರಿಕ ವರ್ಷಕ್ಕೆ ಕೊಡುವ ಗ್ರೀನ್ ಕಾರ್ಡ್ ಸುಮಾರು 1,40,000. ಬೆಂಗಳೂರಿನ ಐಟಿ ಕಂಪನಿಗಳನ್ನು ಬೆರಳಲ್ಲಿ ಎಣಿಸಬಹುದಾಗಿದ್ದ 1990ರಲ್ಲಿ ಆದ ಕಾಯ್ದೆಯ ಮಿತಿ ಇದು. ಇದರಲ್ಲಿ ಒಂದು ದೇಶಕ್ಕೆ ಸಿಗುವುದು ಹೆಚ್ಚೆಂದರೆ ಶೇ. 7. ನಾಲ್ಕು ಲಕ್ಷ ಜನರ ಐಸ್‌ಲ್ಯಾಂಡಿಗೂ 140 ಕೋಟಿಯ ಭಾರತಕ್ಕೂ ಅದೇ ಅಳತೆ. ನಮ್ಮ ಸಾಫ್ಟ್‌ವೇರ್ ಎಂಜಿನಿಯರುಗಳು ಸಾವಿರಗಟ್ಟಲೆ ಕಾಯುತ್ತಿರುವ ಇಬಿ-2 (ಉನ್ನತ ಪದವಿ ಪಡೆದವರ ವರ್ಗ) ಸಾಲಿಗೆ ಬಂದರೆ ಭಾರತದ ಪಾಲು 2,803. ಬೇರೆಯವರು ಬಳಸದೆ ಬಿಟ್ಟದ್ದೇನಾದರೂ ಇದ್ದರೆ ಅದರ ಮೇಲೆ. ಗಂಡ, ಹೆಂಡತಿ, ಮಕ್ಕಳು ಎಲ್ಲರೂ ಈ ಎಣಿಕೆಯೊಳಗೇ. ನಾಲ್ವರ ಸಂಸಾರವೆಂದರೆ ಸುಮಾರು 700 ಮನೆ. ವೈಟ್‌ಫೀಲ್ಡಿನ ಒಂದು ದೊಡ್ಡ ಅಪಾರ್ಟ್‌ಮೆಂಟ್ ತುಂಬುವಷ್ಟು.

ಕಾಯುತ್ತಿರುವವರೆಷ್ಟು? ವಾಷಿಂಗ್ಟನ್ನಿನ ಕೇಟೋ ಸಂಸ್ಥೆ 2023ರಲ್ಲಿ ಹಾಕಿದ ಲೆಕ್ಕದಲ್ಲಿ ಭಾರತೀಯರೇ 10 ಲಕ್ಷಕ್ಕೂ ಮೇಲೆ. ಹೊಸದಾಗಿ ಸಾಲಿಗೆ ಸೇರುವವರ ಸರದಿ 134 ವರ್ಷದ ನಂತರ. 2023ರಿಂದ ಅಷ್ಟು ವರ್ಷ ಹಿಂದಕ್ಕೆ ಹೋದರೆ 1889, ಕುವೆಂಪು ಹುಟ್ಟುವುದಕ್ಕೂ 15 ವರ್ಷ ಮೊದಲು!

ಸಾಲು ಮುಂದಕ್ಕೇ ಸರಿಯುತ್ತದೆಂಬ ಖಾತರಿಯೂ ಇಲ್ಲ. ಯಾವ ತಾರೀಖಿಗೆ ಮೊದಲು ಸಾಲಿಗೆ ಸೇರಿದವರ ಸರದಿ ಬಂದಿದೆ ಎಂದು ಅಮೆರಿಕ ಸರ್ಕಾರ ಪ್ರತಿ ತಿಂಗಳು ವೀಸಾ ಬುಲೆಟಿನ್‌ನಲ್ಲಿ ಹೇಳುತ್ತದೆ. 2022ರ ಅಕ್ಟೋಬರ್‌ನ ಬುಲೆಟಿನ್‌ನಲ್ಲಿ ಇಬಿ-2 ಭಾರತದ ತಾರೀಖು 2012ರ ಏಪ್ರಿಲ್ 1. ಮರುವರ್ಷದ ಏಪ್ರಿಲ್‌ನಲ್ಲಿ ನೋಡಿದರೆ 2011ರ ಜನವರಿ 1. ಆರು ತಿಂಗಳು ಕಾದವರು ಹದಿನೈದು ತಿಂಗಳು ಹಿಂದೆ ಬಿದ್ದಿದ್ದರು.

ಆದರೆ ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಸಂಖ್ಯೆ, 21. ಆ ವಯಸ್ಸು ತುಂಬಿದ ಮಗ ಅಥವಾ ಮಗಳು ಅಪ್ಪ ಅಮ್ಮನ ಅರ್ಜಿಯಿಂದ ಕಳಚಿ ಬೀಳುತ್ತಾರೆ. ಎಲ್ ಸಾಲ್ವಡಾರ್‌ನ ಒಬ್ಬ ತಾಯಿಯ ಕುಟುಂಬದ ಅರ್ಜಿ ಮಂಜೂರಾದಾಗ ಮಗನಿಗೆ 13. ವೀಸಾ ಬರುವಷ್ಟರಲ್ಲಿ 21 ದಾಟಿ ಕೆಲವೇ ತಿಂಗಳಾಗಿತ್ತು. ಸಾಲಿನಲ್ಲಿ ಮಗನ ಜಾಗ ಉಳಿಯಬೇಕೆಂಬ ಪ್ರಕರಣ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಯಿತು. 2014ರ ಜೂನ್ 9ರಂದು 5–4ರ ಬಹುಮತದಲ್ಲಿ ತಾಯಿ ಸೋತಳು: ಕಾಯ್ದೆಯ ಮಾತು ಅಸ್ಪಷ್ಟ, ಇಲಾಖೆ ಮಾಡಿದ ಅರ್ಥವೇ ನಿಲ್ಲಲಿ. ಒಬ್ಬ ನ್ಯಾಯಮೂರ್ತಿ ಆಚೆ ವಾಲಿದ್ದರೆ ಇಂಥ ಸಾವಿರಾರು ಮಕ್ಕಳ ಜಾಗ ಉಳಿಯುತ್ತಿತ್ತು.

ಇಂಥ ಮಕ್ಕಳಿಗೆ 2002ರ ಕಾಯ್ದೆ ಒಂದು ರಿಯಾಯಿತಿ ಕೊಟ್ಟಿದೆ. ಕಂಪನಿಯ ಅರ್ಜಿ ಇಲಾಖೆಯಲ್ಲಿ ಎಷ್ಟು ದಿನ ಬಾಕಿ ಇತ್ತೋ ಅಷ್ಟನ್ನು ವಯಸ್ಸಿನಿಂದ ಕಳೆಯಬಹುದು. 21 ವರ್ಷ 150 ದಿನದ ಹುಡುಗಿ, ಅರ್ಜಿ 200 ದಿನ ಬಾಕಿ ಇದ್ದಿದ್ದರೆ, ಕಾನೂನಿನ ಲೆಕ್ಕದಲ್ಲಿ ಇನ್ನೂ ಮಗು. ವಯಸ್ಸನ್ನು ಯಾವ ದಿನಕ್ಕೆ ಅಳೆಯಬೇಕು ಎಂಬುದೇ ತಕರಾರು. ಬುಲೆಟಿನ್‌ನಲ್ಲಿ ಎರಡು ಪಟ್ಟಿ: ಅರ್ಜಿ ಸಲ್ಲಿಸುವ ತಾರೀಖಿನದು, ಕಾರ್ಡ್ ಮಂಜೂರಾಗುವ ತಾರೀಖಿನದು. ಮೊದಲನೆಯದು ಬೇಗ ಬರುತ್ತದೆ, ಹಾಗಾಗಿ ಮಕ್ಕಳಿಗೆ ಅನುಕೂಲ. 2023ರ ಫೆಬ್ರವರಿ 14ರಂದು ವಲಸೆ ಇಲಾಖೆ ಅದನ್ನು ಒಪ್ಪಿತು; 2025ರ ಆಗಸ್ಟ್ 15ರಿಂದ ಕೈಬಿಟ್ಟಿತು. ಎರಡು ಸಲವೂ ಅಮೆರಿಕದ ಸಂಸತ್ತು ಕಾಯ್ದೆಯ ಒಂದಕ್ಷರ ಮುಟ್ಟಲಿಲ್ಲ, ತಿದ್ದಿದ್ದು ಇಲಾಖೆಯ ಕೈಪಿಡಿಯನ್ನು. ಆಗಸ್ಟ್ 14ರೊಳಗೆ ಗ್ರೀನ್ ಕಾರ್ಡಿನ ಅರ್ಜಿ ಹೋಗಿದ್ದರೆ ಹಳೇ ಲೆಕ್ಕ, ಮರುದಿನ ಹೋದರೆ ಹೊಸದು. ಒಂದೇ ದಿನ ಹುಟ್ಟಿದ ಇಬ್ಬರಲ್ಲಿ ಒಬ್ಬಳನ್ನು ಮಗು, ಇನ್ನೊಬ್ಬಳನ್ನು ವಯಸ್ಕಳು ಎಂದು ಎಣಿಸಲು ಈಗ ಆ ಒಂದು ದಿನ ಸಾಕು.