ಪ್ಲೇಸ್ಟೇಷನ್ ಸ್ಲಿಮ್ ಆದಾಗ ಒಳಗಿನ ಚಿಪ್‌ಗೆ ಏನಾಗುತ್ತೆ?

ಗಂಜಾಂನಿಂದ ನಾನು ಮಾತಾಡ್ತಿದ್ದೇನೆ. ಈ ವಾರದ ಸಂಚಿಕೆಗೆ ಪಾಂಡವಪುರದ ಕೇಳುಗರೊಬ್ಬರು ಕಳಿಸಿದ ಪ್ರಶ್ನೆಯೇ ವಿಷಯ. ಮಗ ಪಿಯುಸಿ ಪಾಸಾದರೆ ಪ್ಲೇಸ್ಟೇಷನ್ 5 ಕೊಡಿಸ್ತೀನಿ ಅಂತ ಮಾತು ಕೊಟ್ಟಿದ್ದರಂತೆ. ಈಗ ಪಾಸಾಗಿದ್ದಾನೆ, ಚೀಟಿ ದುಡ್ಡೂ ಕೈಗೆ ಬಂದಿದೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಹಳೇ ದಪ್ಪ ಮಾಡೆಲ್ ಸಿಗ್ತಿದೆ. ಆದರೆ ಯಾರೋ, 'ಸ್ಲಿಮ್ ತಗೊಳ್ಳಿ, ಅದರ ಪ್ರೊಸೆಸರ್ರೇ ಬೇರೆ, ಜಾಸ್ತಿ ಫಾಸ್ಟು' ಅಂದಿದ್ದಾರೆ. ನಿಜವಾ ಅಂತ ಅವರ ಪ್ರಶ್ನೆ.

ಫಾಸ್ಟ್ ಅನ್ನೋದು ನಿಜ ಅಲ್ಲ. ಪ್ರೊಸೆಸರ್ ಬೇರೆ ಅನ್ನೋದು ಅರ್ಧ ನಿಜ. ಆ ಅರ್ಧ ಯಾವುದು ಅಂತ ಗೊತ್ತಾದರೆ ಹತ್ತಾರು ಸಾವಿರ ರೂಪಾಯಿಯ ತೀರ್ಮಾನ ಸುಲಭವಾಗುತ್ತೆ.

ಚಿಪ್ ಚಿಕ್ಕದಾಗೋದು ಅಂದರೇನು, ಮೊದಲು ಅದನ್ನ ನೋಡೋಣ. ಒಂದು ತಟ್ಟೆಗೆ ಮೈಸೂರು ಪಾಕ್ ಸುರಿದಿದ್ದೀರಿ ಅಂದ್ಕೊಳ್ಳಿ. ದೊಡ್ಡ ತುಂಡು ಕತ್ತರಿಸಿದರೆ ಇಪ್ಪತ್ತು ಬರುತ್ತೆ, ಚಿಕ್ಕದು ಮಾಡಿದರೆ ನಲವತ್ತು. ತಟ್ಟೆಯ ಒಂದು ಕಡೆ ಸೀದುಹೋಗಿದ್ದರೆ, ಚಿಕ್ಕ ತುಂಡಿನಲ್ಲಿ ನಷ್ಟವೂ ಕಡಿಮೆ. ಚಿಪ್ ಕಾರ್ಖಾನೆಯಲ್ಲಿ ಆ ತಟ್ಟೆಯ ಹೆಸರು ವೇಫರ್, ಸಿಲಿಕಾನ್‌ನ ದುಂಡನೆಯ ಹಾಳೆ. ಟ್ರಾನ್ಸಿಸ್ಟರ್‌ಗಳನ್ನು ಇನ್ನೂ ಸಣ್ಣದಾಗಿ ಕೆತ್ತುವ ವಿಧಾನ ಬಂದಾಗ ಅದೇ ಚಿಪ್ ಕಡಿಮೆ ಜಾಗದಲ್ಲಿ ಕೂರುತ್ತೆ. ಸಾಮಾನ್ಯವಾಗಿ ಕರೆಂಟೂ ಕಡಿಮೆ ಸಾಕು, ಬಿಸಿಯೂ ಕಡಿಮೆ. ಬಿಸಿ ಕಡಿಮೆಯಾದ ಮೇಲೆ ದೊಡ್ಡ ಫ್ಯಾನ್, ದಪ್ಪ ಲೋಹದ ಪಟ್ಟಿಗಳು ಬೇಡ. ಪೆಟ್ಟಿಗೆ ತೆಳ್ಳಗಾಗೋದು ಹೀಗೆ.

ಇದಕ್ಕೆ ಒಳ್ಳೆಯ ಉದಾಹರಣೆ ಪ್ಲೇಸ್ಟೇಷನ್ 2. 2000ರಲ್ಲಿ ಬಂದಾಗ ಅದರಲ್ಲಿ ಎರಡು ದೊಡ್ಡ ಚಿಪ್‌ಗಳಿದ್ದವು. ಲೆಕ್ಕಾಚಾರಕ್ಕೆ ಎಮೋಷನ್ ಎಂಜಿನ್, ಚಿತ್ರಕ್ಕೆ ಗ್ರಾಫಿಕ್ಸ್ ಸಿಂಥಸೈಜರ್. ಎರಡೂ ಸೇರಿ 500 ಚದರ ಮಿಲಿಮೀಟರ್‌ಗಿಂತ ಹೆಚ್ಚು. ಮುಂದೆ 90 ನ್ಯಾನೋಮೀಟರ್ ತಂತ್ರಜ್ಞಾನದಲ್ಲಿ ಎರಡನ್ನೂ ಒಂದೇ ಚಿಪ್ ಮಾಡಿದರು, 86 ಚದರ ಮಿಲಿಮೀಟರ್‌ಗೆ ಇಳಿಯಿತು. 2004ರಲ್ಲಿ ಬಂದ ಸ್ಲಿಮ್‌ನ ಒಳಗೆ ಇದ್ದದ್ದು ಇದೇ. 7.8 ಸೆಂಟಿಮೀಟರ್ ದಪ್ಪ ಇದ್ದ ಪೆಟ್ಟಿಗೆ 2.8ಕ್ಕೆ ಬಂತು.

ಆದರೆ ಅಲ್ಲಿ ಇನ್ನೊಂದು ಪಾಠವೂ ಇದೆ. ಪ್ಲೇಸ್ಟೇಷನ್ 2ರಲ್ಲಿ ಕಂಟ್ರೋಲರ್, ಮೆಮೊರಿ ಕಾರ್ಡ್ ಇಂಥ ಕೆಲಸ ನೋಡಿಕೊಳ್ಳೋಕೆ ಒಂದು ಪುಟ್ಟ ಪ್ರೊಸೆಸರ್ ಇತ್ತು. ಅದು ಮೊದಲ ಪ್ಲೇಸ್ಟೇಷನ್‌ನ ಮುಖ್ಯ ಪ್ರೊಸೆಸರ್‌ನ ಜಾತಿಯದೇ. ಹಾಗಾಗಿ ಹಳೇ ಡಿಸ್ಕ್‌ಗಳೂ ಓಡುತ್ತಿದ್ದವು. 2005ರ ಎಸ್‌ಸಿಪಿಎಚ್-75000 ಸರಣಿಯಿಂದ ಅದನ್ನು ತೆಗೆದು, ಪವರ್‌ಪಿಸಿ ಅನ್ನುವ ಬೇರೆ ಬಗೆಯ ಪ್ರೊಸೆಸರ್ ಹಾಕಿದರು. ಹಳೆಯದರ ಹಾಗೆ ಸಾಫ್ಟ್‌ವೇರ್ ಮೂಲಕ ನಟಿಸೋದು ಅದರ ಕೆಲಸ. ಬಹುಪಾಲು ಆಟಗಳಿಗೆ ವ್ಯತ್ಯಾಸ ಗೊತ್ತಾಗಲಿಲ್ಲ, ಕೆಲವು ಆಟಗಳು ಮಾತ್ರ ತಕರಾರು ಮಾಡಿದವು. ಹೊರಗಿನಿಂದ ನೋಡಿದರೆ ಅದೇ ಸ್ಲಿಮ್. ಗುಟ್ಟು ಇದ್ದದ್ದು ಕೆಳಗೆ ಅಂಟಿಸಿದ್ದ ಮಾಡೆಲ್ ನಂಬರ್‌ನಲ್ಲಿ.

ಹೊಸ ಚಿಪ್ ಬಂದಾಗ ವೇಗ ಯಾಕೆ ಹೆಚ್ಚಿಸಲ್ಲ ಅಂತ ಕೇಳಬಹುದು. ಆಟ ಮಾಡುವವರು ಒಂದೇ ಅಳತೆಯ ಯಂತ್ರವನ್ನು ನಂಬಿ ಕೆಲಸ ಮಾಡಿರುತ್ತಾರೆ. ಅಳತೆ ತಪ್ಪಿದರೆ ಆಟದ ತಾಳವೂ ತಪ್ಪಬಹುದು. 2010ರಲ್ಲಿ ಮೈಕ್ರೋಸಾಫ್ಟ್ ತೆಳುವಾದ ಎಕ್ಸ್‌ಬಾಕ್ಸ್ 360 ತಂದಾಗ ಎರಡು ಚಿಪ್‌ಗಳನ್ನು ಒಂದೇ ಮಾಡಿತು. ಹತ್ತಿರ ಬಂದದ್ದರಿಂದ ಅವುಗಳ ನಡುವಿನ ಮಾತುಕತೆ ಮೊದಲಿಗಿಂತ ಬೇಗ ಮುಗಿಯಬಹುದಿತ್ತು. ಎಂಜಿನಿಯರ್‌ಗಳು ಬೇಕೂಂತಲೇ ಒಂದು ಸರ್ಕ್ಯೂಟ್ ಸೇರಿಸಿ, ಹಳೇ ಯಂತ್ರದಷ್ಟೇ ನಿಧಾನ ಆಗೋ ಹಾಗೆ ನೋಡಿಕೊಂಡರು!

ಈಗ ಪ್ಲೇಸ್ಟೇಷನ್ 5ಕ್ಕೆ ಬರೋಣ. ಅದರ ಚಿಪ್ ಎಎಮ್‌ಡಿ ಕಂಪನಿಯದು. ಆ ಕಂಪನಿಯ ಅತಿ ದೊಡ್ಡ ವಿನ್ಯಾಸ ಕೇಂದ್ರ ಇರೋದು ನಮ್ಮ ಬೆಂಗಳೂರಿನಲ್ಲೇ, 2023ರ ನವೆಂಬರ್‌ನಲ್ಲಿ ಶುರುವಾಯಿತು. 2020ರ ಮೊದಲ ಪ್ಲೇಸ್ಟೇಷನ್ 5ರಲ್ಲಿ 7 ನ್ಯಾನೋಮೀಟರ್ ಚಿಪ್ ಇತ್ತು. 2022ರಲ್ಲಿ ಅದು 6 ನ್ಯಾನೋಮೀಟರ್ ಆಯಿತು, ಗಾತ್ರ ಸುಮಾರು 300 ಚದರ ಮಿಲಿಮೀಟರ್‌ನಿಂದ ಸುಮಾರು 260ಕ್ಕೆ ಇಳಿಯಿತು. ಗಮನಿಸಿ, ಈ ಬದಲಾವಣೆ ಬಂದದ್ದು ದಪ್ಪ ಮಾಡೆಲ್‌ನಲ್ಲೇ, ಸಿಎಫ್‌ಐ-1200 ಸರಣಿಯಲ್ಲಿ. 2023ರ ಕೊನೆಗೆ ಬಂದ ಸ್ಲಿಮ್, ಅಂದರೆ ಸಿಎಫ್‌ಐ-2000, ಇದೇ 6 ನ್ಯಾನೋಮೀಟರ್ ಚಿಪ್ಪನ್ನೇ ಇಟ್ಟುಕೊಂಡಿತು. ಬದಲಾದದ್ದು ಪೆಟ್ಟಿಗೆ, 825 ಜಿಬಿ ಬದಲು 1 ಟಿಬಿ ಜಾಗ, ಬಿಚ್ಚಿ ಹಾಕಬಹುದಾದ ಡಿಸ್ಕ್ ಡ್ರೈವ್.

ಬೆಲೆ ನೋಡಿ. ಇಲ್ಲಿ 2021ರಲ್ಲಿ ಡಿಸ್ಕ್ ಮಾಡೆಲ್ 49,990 ರೂಪಾಯಿಗೆ ಬಂದಿತ್ತು. 2024ರ ಏಪ್ರಿಲ್‌ನಲ್ಲಿ ಸ್ಲಿಮ್ ಬಂದದ್ದು 54,990ಕ್ಕೆ. ಹಿಂದೆ ಚಿಪ್ ಕುಗ್ಗಿದರೆ ಬೆಲೆಯೂ ಇಳಿಯುತ್ತಿತ್ತು. ಅಗ್ಗವಾದ ಪ್ಲೇಸ್ಟೇಷನ್ 2 ನಮ್ಮ ದೇಶದಲ್ಲಿ ಎಷ್ಟು ಕಾಲ ಓಡಿತು ಅಂದರೆ, 2009ರಲ್ಲೂ ಅದಕ್ಕಾಗಿ 'ಹನುಮಾನ್: ಬಾಯ್ ವಾರಿಯರ್' ಅನ್ನೋ ಆಟವನ್ನು ಹೈದರಾಬಾದಿನಲ್ಲಿ ಮಾಡಿದರು. ಈಗ ಹೊಸ ತಂತ್ರಜ್ಞಾನದ ಒಂದೊಂದು ವೇಫರ್ರೇ ದುಬಾರಿ. ತುಂಡು ಚಿಕ್ಕದಾದರೂ ತಟ್ಟೆಯ ಬೆಲೆ ಏರಿದರೆ ಲಾಭ ಎಲ್ಲಿಂದ ಬರಬೇಕು?

ಹಾಗಾದರೆ ಏನು ಮಾಡೋದು? ಸೆಕೆಂಡ್ ಹ್ಯಾಂಡ್ ನೋಡೋಕೆ ಹೋದಾಗ ಮೈಮೇಲಿನ ಸ್ಟಿಕ್ಕರ್ ಓದಿ. ಸಿಎಫ್‌ಐ-10 ಅಥವಾ 11 ಅಂತ ಶುರುವಾದರೆ 7 ನ್ಯಾನೋಮೀಟರ್ ಚಿಪ್. 12 ಅಥವಾ 20 ಅಂತಿದ್ದರೆ 6. ಆಟ ಎಲ್ಲದರಲ್ಲೂ ಒಂದೇ ಥರ. ಒಳ್ಳೆ ಸ್ಥಿತಿಯ 12 ಸರಣಿಯದು ಕಡಿಮೆ ದುಡ್ಡಿಗೆ ಸಿಕ್ಕರೆ, ದಪ್ಪ ಇದೆ ಅಂತ ಬಿಡಬೇಡಿ. ಅರ್ಧ ಗಂಟೆ ಆಟ ಓಡಿಸಿ, ಫ್ಯಾನ್ ಸದ್ದು ಕೇಳಿ, ಡಿಸ್ಕ್ ಹಾಕಿ ನೋಡಿ. ಸ್ಲಿಮ್‌ಗೆ ಡ್ರೈವ್ ಬೇರೆಯಾಗಿ ಕೊಂಡರೆ ಮೊದಲ ಸಲ ಜೋಡಿಸೋಕೆ ಇಂಟರ್‌ನೆಟ್ ಬೇಕೇ ಬೇಕು, ನೆನಪಿರಲಿ.

ಇನ್ನೊಂದು ಮಾತು. ಚಿಪ್ ಎಷ್ಟೇ ತಂಪಾಗಿದ್ದರೂ ಅದಕ್ಕೆ ಗಾಳಿ ಬೇಕು. ನಮ್ಮ ಕಡೆಯ ಏಪ್ರಿಲ್ ಬಿಸಿಲು, ರಸ್ತೆ ಧೂಳು ನಿಮಗೆ ಗೊತ್ತೇ ಇದೆ. ಟಿವಿ ಕೆಳಗಿನ ಗಾಜಿನ ಶೋಕೇಸ್ ಒಳಗಿಟ್ಟು ಬಾಗಿಲು ಹಾಕಿದರೆ ಯಾವ ನ್ಯಾನೋಮೀಟರೂ ಕಾಪಾಡಲ್ಲ.