ಹಕ್ಕಿಯ ಕಾಲಿಗೊಂದು ಉಂಗುರ

ಚಿಕ್ಕಬಳ್ಳಾಪುರದ ಬಳಿಯ ಸ್ಕಂದಗಿರಿ, ಅದರ ನೆರೆಯ ನಂದಿಬೆಟ್ಟ, ಇಂತಹ ಬಂಡೆಗಲ್ಲಿನ ಬೆಟ್ಟಗಳ ಕುರುಚಲೇ ಹಳದಿ ಕೊರಳಿನ ಪಿಕಳಾರದ ಬೀಡು. ದಕ್ಷಿಣ ಭಾರತವನ್ನು ಬಿಟ್ಟರೆ ಪ್ರಪಂಚದಲ್ಲಿ ಇನ್ನೆಲ್ಲಿಯೂ ಇಲ್ಲದ ಈ ಹಕ್ಕಿ ಅಳಿವಿನ ಭಯದಲ್ಲಿದೆ. ಈ ಬೆಟ್ಟದ ಹಕ್ಕಿ ಆ ಬೆಟ್ಟಕ್ಕೆ ಹೋಗುವುದುಂಟೆ? ಎಷ್ಟು ವರ್ಷ ಬಾಳುತ್ತದೆ? ಬರಿಗಣ್ಣಿಗೆ ಒಂದು ಪಿಕಳಾರ ಇನ್ನೊಂದರಂತೆಯೇ ಕಾಣುವುದರಿಂದ, ಉತ್ತರ ಬೇಕಾದರೆ ಗುರುತಿನ ಉಂಗುರ ತೊಡಿಸಬೇಕಾಗುತ್ತದೆ.

1899ರಲ್ಲಿ ಡೆನ್ಮಾರ್ಕಿನ ಉಪಾಧ್ಯಾಯ ಮಾರ್ಟೆನ್ಸೆನ್ ಎಂಬುವರು ಕಬ್ಬಕ್ಕಿಯ ಜಾತಿಯ ಪಕ್ಷಿಗಳಿಗೆ ಅಲ್ಯೂಮಿನಿಯಂ ಉಂಗುರ ತೊಡಿಸಿ ಈ ಪದ್ಧತಿಗೆ ತಳಹದಿ ಹಾಕಿದರು. ನಮ್ಮ ನಾಡಿಗೂ ಇದಕ್ಕೂ ಹತ್ತಿರದ ನಂಟುಂಟು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಜನರಿಗೂ ಜ್ವರ ಹರಡಿತು. ರೋಗಾಣು ರಷ್ಯಾದ ಒಂದು ರೋಗಾಣುವನ್ನು ಹೋಲುತ್ತಿತ್ತು. ಉಣ್ಣೆಗಳನ್ನು ಹೊತ್ತು ತಂದವರು ವಲಸೆಯ ಹಕ್ಕಿಗಳಿರಬಹುದೆ ಎಂಬ ಶಂಕೆ ಹುಟ್ಟಿತು. ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯು 1959ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ, ಸಲೀಂ ಅಲಿಯವರ ನೇತೃತ್ವದಲ್ಲಿ, ದೊಡ್ಡ ಪ್ರಮಾಣದ ಉಂಗುರ ಕಾರ್ಯವನ್ನು ಆರಂಭಿಸಿತು. ಹಕ್ಕಿಗಳ ಮೇಲಿನ ಆರೋಪ ಸಿದ್ಧವಾಗಲಿಲ್ಲ. ಅವುಗಳ ಪಯಣದ ದಾರಿಗಳು ಮಾತ್ರ ತಿಳಿದುಬಂದವು.

ಈ ಕೆಲಸ ನಡೆಯುವ ಬಗೆ ಹೀಗೆ: ಕಣ್ಣಿಗೆ ಕಾಣದಷ್ಟು ತೆಳುವಾದ ಬಲೆಯನ್ನು ಬೆಳಗಿನ ತಂಪಿನಲ್ಲಿ ಕಟ್ಟುತ್ತಾರೆ, ಮಳೆಯಲ್ಲಾಗಲಿ ಬಿಸಿಲೇರಿದ ಮೇಲಾಗಲಿ ಕಟ್ಟುವುದಿಲ್ಲ. ಸಿಕ್ಕಿದ ಹಕ್ಕಿಯ ಬೆನ್ನು ಅಂಗೈಗೆ ಒರಗುವಂತೆ, ಕುತ್ತಿಗೆ ಎರಡು ಬೆರಳುಗಳ ನಡುವೆ ಸಡಿಲವಾಗಿ ನಿಲ್ಲುವಂತೆ ಹಿಡಿಯಬೇಕು. ಎದೆಯನ್ನು ಒತ್ತಿದರೆ ಉಸಿರೇ ನಿಲ್ಲುತ್ತದೆ. ಉಂಗುರವು ಕಾಲಿನ ಮೇಲೆ ಸುತ್ತುವಷ್ಟು ಸಡಿಲವಾಗಿರಬೇಕು, ಬೆರಳುಗಳ ಮೇಲೆ ಜಾರುವಷ್ಟಲ್ಲ. ರೆಕ್ಕೆಯ ಅಳತೆ, ತೂಕ, ಸಂಖ್ಯೆ ಬರೆದುಕೊಂಡು ಕೂಡಲೆ ಬಿಟ್ಟುಬಿಡಬೇಕು.

ಹಾಗಾದರೆ ನೀವೇ ಬಲೆ ಕೊಂಡು ಬೆಟ್ಟ ಹತ್ತಬಹುದೆ? ಕೂಡದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಕಾಡುಹಕ್ಕಿಯನ್ನು ಬಲೆಗೆ ಹಿಡಿಯುವುದೂ ಬೇಟೆಯೇ. ಶಾಸ್ತ್ರೀಯ ಅಧ್ಯಯನಕ್ಕೂ ಸರ್ಕಾರದ ಅನುಮತಿ ಅಗತ್ಯ. ಸ್ವತಂತ್ರವಾಗಿ ಮಾಡಬೇಕೆನ್ನುವವರು ಮೊದಲು ಅನುಮತಿಯುಳ್ಳ ತಂಡದಲ್ಲಿ ನುರಿತವರ ಕೈಕೆಳಗೆ ಕಲಿಯಬೇಕು.

ಅಷ್ಟರವರೆಗೆ ದುರ್ಬೀನು, ಒಂದು ನೋಟ್ ಪುಸ್ತಕ ಸಾಕು. ದಿನಾಂಕ, ಸ್ಥಳ, ಹಕ್ಕಿಯ ಹೆಸರು, ಎಣಿಕೆ ಇಷ್ಟನ್ನು ತಪ್ಪದೆ ಬರೆಯಿರಿ. ಸತ್ತ ಹಕ್ಕಿಯ ಕಾಲಿನಲ್ಲಿ ಉಂಗುರ ಕಂಡರೆ, ಅದರ ಸಂಖ್ಯೆಯನ್ನು ಸಿಕ್ಕಿದ ಸ್ಥಳ, ದಿನಗಳೊಡನೆ ಉಂಗುರದ ಮೇಲಿರುವ ಸಂಸ್ಥೆಗೆ ತಿಳಿಸಿರಿ. ಹೀಗೆ ತಿಳಿಸುವವರಿಲ್ಲದಿದ್ದರೆ ಉಂಗುರ ತೊಡಿಸಿದವರ ಶ್ರಮವೆಲ್ಲ ವ್ಯರ್ಥವಾದಂತೆಯೇ.