ಹಳೆಯ ಅಂಗಿಯ ಮಡಿಕೆಯಲ್ಲಿ ಒಂದು ಇತಿಹಾಸ

ಅಂಚೆಚೀಟಿ, ನಾಣ್ಯ, ಬೆಂಕಿಪೊಟ್ಟಣಗಳನ್ನು ಕೂಡಿಡುವ ಹವ್ಯಾಸ ನಮ್ಮ ಮನೆಗಳಿಗೆ ಹೊಸದಲ್ಲ. ಅಜ್ಜಿಯ ಪ್ರಾರ್ಥನಾ ಪುಸ್ತಕದ ಹಾಳೆಗಳ ನಡುವೆ ಉಳಿದಿರುವ ಸಂತರ ಚಿತ್ರಗಳೂ ಒಂದು ಸಂಗ್ರಹವೇ ಸರಿ. ಆದರೆ ಯಾರೋ ತೊಟ್ಟು ಬಿಟ್ಟ, ಬಣ್ಣ ಮಾಸಿದ, ಬೆವರಿನ ಕಲೆಯುಳ್ಳ ಅಂಗಿಯನ್ನು ಹುಡುಕಿ ತಂದು, ಮನೆಯವರ ಗೊಣಗಾಟವನ್ನೂ ಸಹಿಸಿಕೊಂಡು ಜೀವಮಾನವಿಡೀ ಜೋಪಾನ ಮಾಡುವವರಿದ್ದಾರೆ ಎಂದರೆ ಹಲವರು ನಕ್ಕಾರು. ಹಳೆಯ ಫುಟ್‌ಬಾಲ್ ಅಂಗಿಗಳ ಸಂಗ್ರಾಹಕರು ಅಂಥವರು.

ಇವರ ಹವ್ಯಾಸವನ್ನು ಜಗತ್ತು ಬೆರಗಿನಿಂದ ನೋಡಿದ್ದು 2022ರ ಮೇ ತಿಂಗಳಲ್ಲಿ. ಸದಬೀಸ್ ಹರಾಜು ಸಂಸ್ಥೆ ಅಂದು ಒಂದು ನೀಲಿ ಅಂಗಿಯನ್ನು 71 ಲಕ್ಷ ಪೌಂಡುಗಳಿಗೂ ಹೆಚ್ಚಿನ ಬೆಲೆಗೆ ಮಾರಿತು. ನಮ್ಮ ಲೆಕ್ಕದಲ್ಲಿ ಸುಮಾರು 68 ಕೋಟಿ ರೂಪಾಯಿ! ಅದು 1986ರ ಜೂನ್ 22ರಂದು ಮೆಕ್ಸಿಕೋ ನಗರದಲ್ಲಿ ಇಂಗ್ಲೆಂಡಿನ ವಿರುದ್ಧ ಡಿಯೇಗೊ ಮರಡೋನ ತೊಟ್ಟಿದ್ದ ಅಂಗಿ. ಕೈಯಿಂದ ಚೆಂಡನ್ನು ಗೋಲಿಗೆ ತಳ್ಳಿ, ಆ ತಪ್ಪಿಗೆ ದೇವರ ಹೆಸರನ್ನೂ ಎಳೆದು ತಂದ ಪಂದ್ಯ ಅದೇ. ನಾಲ್ಕೇ ನಿಮಿಷಗಳ ಬಳಿಕ, ಎದುರಾಳಿಗಳನ್ನು ಒಬ್ಬೊಬ್ಬರನ್ನಾಗಿ ದಾಟಿ ಹೋಗಿ ಶತಮಾನದ ಗೋಲನ್ನು ಹೊಡೆದದ್ದೂ ಅದೇ ಪಂದ್ಯದಲ್ಲಿ.

ಕೋಟಿಗಳ ಬೆಲೆ ಕಂಡ ಈ ಅಂಗಿಯ ಹುಟ್ಟು ಮಾತ್ರ ಬಹು ಸಾಧಾರಣವಾದುದು. ಹಿಂದಿನ ಪಂದ್ಯದಲ್ಲಿ ಅರ್ಜೆಂಟೀನ ಧರಿಸಿದ್ದ ನೀಲಿ ಹತ್ತಿಯ ಅಂಗಿಗಳು ಭಾರವಾಗಿದ್ದವು. ಮೆಕ್ಸಿಕೋದ ನಡುಹಗಲಿನ ಬಿಸಿಲಿಗೆ ಅವು ತಕ್ಕುದಲ್ಲವೆಂದು ತರಬೇತುದಾರ ಬಿಲಾರ್ಡೊ ಆತಂಕಗೊಂಡರು. ತಂಡದ ಸಿಬ್ಬಂದಿ ನಗರದ ಅಂಗಡಿಗಳನ್ನು ಸುತ್ತಿ ಹಗುರವಾದ ನೀಲಿ ಅಂಗಿಗಳನ್ನು ಕೊಂಡು ತಂದರು. ಪಂದ್ಯಕ್ಕೆ ಮುನ್ನ ಅವಸರದಲ್ಲಿ ಲಾಂಛನಗಳನ್ನು ಹೊಲಿಯಲಾಯಿತು; ಅಮೆರಿಕನ್ ಫುಟ್‌ಬಾಲ್ ಆಟಕ್ಕೆಂದು ತಯಾರಿಸಿದ್ದ ಬೆಳ್ಳಿ ಬಣ್ಣದ ಅಂಕಿಗಳನ್ನು ಇಸ್ತ್ರಿಯಿಂದ ಅಂಟಿಸಲಾಯಿತು. ಪಂದ್ಯ ಮುಗಿದು ಆಟಗಾರರು ಒಳಗೆ ಮರಳುವಾಗ ಇಂಗ್ಲೆಂಡಿನ ಸ್ಟೀವ್ ಹಾಜ್ ಮರಡೋನರೊಡನೆ ಅಂಗಿ ಬದಲಾಯಿಸಿಕೊಂಡರು. ಅದನ್ನು ಹದಿನಾರು ವರ್ಷ ತಮ್ಮಲ್ಲಿ ಇರಿಸಿಕೊಂಡು, 2002ರಿಂದ ಇಂಗ್ಲೆಂಡಿನ ರಾಷ್ಟ್ರೀಯ ಫುಟ್‌ಬಾಲ್ ವಸ್ತುಸಂಗ್ರಹಾಲಯಕ್ಕೆ ಎರವಲು ನೀಡಿದ್ದರು. ಹರಾಜಿನ ವೇಳೆ ಮರಡೋನರ ಕುಟುಂಬದವರು, ಇದು ಗೋಲು ಹೊಡೆದಾಗ ತೊಟ್ಟಿದ್ದ ಅಂಗಿಯಲ್ಲವೆಂದು ತಕರಾರು ತೆಗೆದರು. ಆಗ ಅಂದಿನ ಛಾಯಾಚಿತ್ರಗಳನ್ನು ಮುಂದಿಟ್ಟುಕೊಂಡು, ಲಾಂಛನದ ಹೊಲಿಗೆ, ಪಟ್ಟೆಗಳು, ಅಂಕಿಗಳ ಅಂಚು ಎಲ್ಲವನ್ನೂ ತಾಳೆ ನೋಡಿ ಸಂಸ್ಥೆ ಉತ್ತರ ನೀಡಬೇಕಾಯಿತು. ಅವಸರದ ಕೆಲಸದಲ್ಲಿ ಉಳಿದ ಓರೆಕೋರೆಗಳೇ ಅಂಗಿಗೆ ಸಾಕ್ಷಿ ನುಡಿದವು!

ಅಂಗಿ ಹೇಳುವ ಕಥೆ

ನಿಜವಾದ ಸಂಗ್ರಾಹಕನಿಗೆ ಬೆಲೆಗಿಂತ ಇಂಥ ಸಾಕ್ಷಿಯೇ ಮುಖ್ಯ. ಒಂದು ಅಂಗಿ ಕೈಗೆ ಬಂದರೆ ಆತ ಮೊದಲು ನೋಡುವುದು ಬಟ್ಟೆಯನ್ನು. ದಪ್ಪ ಹತ್ತಿಯಾದರೆ ಹಳೆಯ ಕಾಲದ್ದು. ಹೊಳೆಯುವ ಪಾಲಿಯೆಸ್ಟರ್ ಆದರೆ ಈಚಿನದು. ಅನಂತರ ಬೆನ್ನಿನ ಅಂಕಿ. ಇಂಗ್ಲೆಂಡಿನ ಆರ್ಸೆನಲ್ ಮತ್ತು ಚೆಲ್ಸಿ ತಂಡಗಳು ಅಂಕಿಗಳನ್ನು ಧರಿಸಿ ಲೀಗ್ ಪಂದ್ಯವಾಡಿದ್ದು 1928ರ ಆಗಸ್ಟ್ 25ರಂದು. ಅಲ್ಲಿನ ಲೀಗ್ ಅದನ್ನು ಕಡ್ಡಾಯಗೊಳಿಸಿದ್ದು 1939ರಲ್ಲಿ. ಕೊನೆಗೆ ಎದೆಯ ಮೇಲಿನ ಜಾಹೀರಾತು. ಲಿವರ್‌ಪೂಲ್ ತಂಡದ ಅಂಗಿಗೆ ಪ್ರಾಯೋಜಕರ ಹೆಸರು ಬಂದದ್ದು 1979ರಲ್ಲಿ. ಹೀಗಿರುವಾಗ ಅದಕ್ಕೂ ಹಳೆಯ ಲಿವರ್‌ಪೂಲ್ ಅಂಗಿಯೆಂದು ಯಾರಾದರೂ ಕಂಪೆನಿಯ ಹೆಸರಿರುವ ಅಂಗಿಯನ್ನು ತೋರಿಸಿದರೆ ಅದು ನಕಲಿಯೆಂದು ಕಣ್ಣು ಮುಚ್ಚಿ ಹೇಳಬಹುದು.

ಬಣ್ಣಗಳಿಗೂ ಕಥೆಯುಂಟು. ಇಟಲಿಯ ಯುವೆಂಟಸ್ ತಂಡ ಮೊದಲು ಆಡುತ್ತಿದ್ದುದು ಗುಲಾಬಿ ಬಣ್ಣದ ಅಂಗಿಯಲ್ಲಿ. ಒಗೆದು ಒಗೆದು ಆ ಬಣ್ಣ ಮಾಸಿದಾಗ, 1903ರಲ್ಲಿ ತಂಡದ ಆಂಗ್ಲ ಸದಸ್ಯ ಜಾನ್ ಸಾವೇಜ್ ಅವರ ಮೂಲಕ ಇಂಗ್ಲೆಂಡಿನಿಂದ ಅಂಗಿಗಳನ್ನು ತರಿಸಲಾಯಿತು. ಬಂದದ್ದು ನಾಟಿಂಗ್‌ಹ್ಯಾಮಿನ ನಾಟ್ಸ್ ಕೌಂಟಿ ತಂಡದ ಕಪ್ಪು ಬಿಳಿ ಪಟ್ಟೆಯ ಅಂಗಿ. ಅದೇ ಇಂದಿಗೂ ಆ ತಂಡದ ಗುರುತು. ಬ್ರೆಜಿಲ್ ದೇಶವಂತೂ 1950ರ ವಿಶ್ವಕಪ್ಪನ್ನು ತನ್ನದೇ ನೆಲದಲ್ಲಿ ಉರುಗ್ವೆಗೆ ಸೋತು ಕಣ್ಣೀರಿಟ್ಟ ಬಳಿಕ ತನ್ನ ಬಿಳಿ ಅಂಗಿಯನ್ನೇ ತ್ಯಜಿಸಿತು. 1953ರಲ್ಲಿ ಪತ್ರಿಕೆಯೊಂದು ನಡೆಸಿದ ಸ್ಪರ್ಧೆಯಲ್ಲಿ ಗೆದ್ದು ಆ ಪ್ರಸಿದ್ಧ ಹಳದಿ ಅಂಗಿಯನ್ನು ನೀಡಿದವನು ಹತ್ತೊಂಬತ್ತರ ತರುಣ ಅಲ್ದಿರ್ ಶ್ಲೀ. ವಿಚಿತ್ರವೆಂದರೆ, ಗಡಿ ಊರಿನಲ್ಲಿ ಬೆಳೆದ ಆತನ ಮನಸ್ಸು ಒಲಿದಿದ್ದುದು ಉರುಗ್ವೆಯ ತಂಡಕ್ಕೆ!

ಬಡಮಕ್ಕಳ ಊಟಕ್ಕಾಗಿ

ಕಥೋಲಿಕ ಕುಟುಂಬಗಳಿಗೆ ಆಪ್ತವೆನಿಸುವ ಎರಡು ಅಂಗಿಗಳಿವೆ. ಮೊದಲನೆಯದು ಸ್ಕಾಟ್ಲೆಂಡಿನ ಸೆಲ್ಟಿಕ್ ತಂಡದ ಹಸಿರು ಬಿಳಿ ಅಡ್ಡಪಟ್ಟೆಯ ಅಂಗಿ. 1887ರಲ್ಲಿ ಗ್ಲಾಸ್ಗೊ ನಗರದ ಬಡ ಬಡಾವಣೆಯಲ್ಲಿ, ಐರ್ಲೆಂಡಿನಿಂದ ವಲಸೆ ಬಂದವರ ಹಸಿದ ಮಕ್ಕಳಿಗೆ ಊಟ ಒದಗಿಸುವ ಸಲುವಾಗಿ ಈ ತಂಡವನ್ನು ಕಟ್ಟಿದವರು ಮಾರಿಸ್ಟ್ ಸಭೆಯ ಸಹೋದರ ವಾಲ್‌ಫ್ರಿಡ್. 1967ರಲ್ಲಿ ಲಿಸ್ಬನ್ ನಗರದಲ್ಲಿ ಇಟಲಿಯ ಇಂಟರ್ ತಂಡವನ್ನು 2–1ರಿಂದ ಸೋಲಿಸಿ ಯುರೋಪಿಯನ್ ಕಪ್ ಗೆದ್ದಾಗ ಆ ಅಂಗಿಯ ಬೆನ್ನಿನಲ್ಲಿ ಅಂಕಿಯೇ ಇರಲಿಲ್ಲ. ಪಟ್ಟೆಗಳ ಅಂದ ಕೆಡಬಾರದೆಂದು ಅಂಕಿಗಳು ಚಡ್ಡಿಯ ಮೇಲಿದ್ದವು.

ಎರಡನೆಯದು ಅರ್ಜೆಂಟೀನದ ಸಾನ್ ಲೊರೆನ್ಸೊ ತಂಡದ ನೀಲಿ ಕೆಂಪು ಅಂಗಿ. ಬ್ಯೂನಸ್ ಐರಿಸ್ ನಗರದ ಬೀದಿಯಲ್ಲಿ ಚೆಂಡಾಡುತ್ತಿದ್ದ ಹುಡುಗನೊಬ್ಬ ಟ್ರಾಮಿಗೆ ಸಿಲುಕುವುದರಲ್ಲಿದ್ದುದನ್ನು ಕಂಡ ಸಲೇಸಿಯನ್ ಗುರು ಲೊರೆನ್ಸೊ ಮಾಸ್ಸ ಅವರು, ಬಲಿಪೂಜೆಗೆ ಬರುವಿರಾದರೆ ಚರ್ಚಿನ ಅಂಗಳದಲ್ಲೇ ಆಡಿಕೊಳ್ಳಿ ಎಂದು ಮಕ್ಕಳನ್ನು ಒಳಗೆ ಕರೆದರು. 1908ರಲ್ಲಿ ಹೀಗೆ ಹುಟ್ಟಿದ ತಂಡದ ಬಣ್ಣಗಳು ಸಹಾಯಮಾತೆ ಮರಿಯಳ ವಸ್ತ್ರದವು ಎಂದು ಹೇಳಲಾಗುತ್ತದೆ. 2025ರ ಏಪ್ರಿಲ್ 21ರಂದು ದೈವಾಧೀನರಾದ ಪೋಪ್ ಫ್ರಾನ್ಸಿಸ್ ಅವರು ಬಾಲ್ಯದಿಂದ ಕೊನೆಯವರೆಗೂ ಇದೇ ತಂಡದ ಅಭಿಮಾನಿ. 2014ರಲ್ಲಿ ದಕ್ಷಿಣ ಅಮೆರಿಕದ ಲಿಬರ್ಟಡೋರೆಸ್ ಕಪ್ ಗೆದ್ದ ತಂಡದವರು ಅದನ್ನು ವ್ಯಾಟಿಕನ್ನಿಗೇ ಕೊಂಡೊಯ್ದು ಅವರಿಗೆ ತೋರಿಸಿದರು.

ಜೋಪಾನದ ಬಗೆ

ಇನ್ನು ಅಂಗಿಗಳನ್ನು ಕಾಯುವುದೂ ಒಂದು ತಪಸ್ಸೇ. ಬಿಸಿ ನೀರು, ಇಸ್ತ್ರಿಪೆಟ್ಟಿಗೆ, ಬಿಸಿಲು – ಈ ಮೂರೂ ಹಳೆಯ ಅಂಗಿಗಳ ಶತ್ರುಗಳು. ಇಸ್ತ್ರಿಯ ಶಾಖಕ್ಕೆ ಅಂಟಿಸಿದ ಅಂಕಿ ಕರಗುತ್ತದೆ. ಬಿಸಿಲಿಗೆ ಬಣ್ಣ ಹಾರುತ್ತದೆ. ಒಗೆಯಲೇಬೇಕಾದರೆ ಒಳಮಗ್ಗುಲು ಹೊರಗೆ ಮಾಡಿ, ತಣ್ಣೀರಿನಲ್ಲಿ ಕೈಯಿಂದಲೇ ಒಗೆದು ನೆರಳಿನಲ್ಲಿ ಹರವಬೇಕು. ಅಂಕಿಯ ಮೇಲೆ ಮಡಿಕೆ ಬಿದ್ದರೆ ಬಿರುಕು ಖಚಿತ. ಆದ್ದರಿಂದ ನಡುವೆ ತೆಳುವಾದ ಕಾಗದವಿಟ್ಟು ಮಡಿಸಬೇಕು. ತಂತಿಯ ಹ್ಯಾಂಗರಿಗೆ ತೂಗಿದರೆ ಭುಜ ಜೋಲುತ್ತದೆ. ಉಣ್ಣೆಯ ಅಂಗಿಗೆ ನುಸಿಯ ಕಾಟ. ಹತ್ತಿಗೆ ಮಳೆಗಾಲದ ಬೂಸ್ಟಿನ ಭಯ. ಇಷ್ಟೆಲ್ಲ ಮಾಡಿದರೂ ಆಟಗಾರ ಮೈದಾನದಲ್ಲಿ ತೊಟ್ಟ ಅಂಗಿಯ ಕೆಸರನ್ನು ಮಾತ್ರ ಸಂಗ್ರಾಹಕ ತೊಳೆಯಲಾರ. ಅದು ಕೊಳೆಯಲ್ಲ, ಅಂಗಿಯ ದಾಖಲೆ.

ನುಸಿ ತಿನ್ನುವ ಸಂಪತ್ತಿಗೆ ಇಷ್ಟು ಮಮತೆ ಸಲ್ಲದೆಂದು ಯಾರಾದರೂ ಹೇಳಿಯಾರು. ಮಾತು ನಿಜವೇ. ಅಂಗಿ ಕೊಳ್ಳಲು ಸಾಲ ಮಾಡುವ, ಮನೆಯ ಶಾಂತಿ ಕೆಡಿಸುವ ಹವ್ಯಾಸ ಹವ್ಯಾಸವಲ್ಲ, ಚಟ. ಬೆಲೆ ಏರಿದಂತೆಲ್ಲ ಗೆಳೆತನದ ಗುರುತಾಗಿ ಬದಲಾಯಿಸಿಕೊಂಡ ಅಂಗಿ ವ್ಯಾಪಾರದ ಸರಕಾಗುತ್ತಿರುವುದೂ ಸುಳ್ಳಲ್ಲ.

ಇಲ್ಲಿ ನಮಗೆ ಸಂತ ಲಾರೆನ್ಸರ ನೆನಪಾಗುತ್ತದೆ. ಸಾನ್ ಲೊರೆನ್ಸೊ ಎಂದರೆ ಬೇರಾರೂ ಅಲ್ಲ, ಪ್ರತಿ ಜನವರಿಯಲ್ಲಿ ಜಾತಿಮತಗಳ ಭೇದವಿಲ್ಲದೆ ಜನಸಾಗರ ನೆರೆಯುವ ಕಾರ್ಕಳ ಅತ್ತೂರಿನ ನಮ್ಮ ಸಂತ ಲಾರೆನ್ಸರೇ. ಕ್ರಿ.ಶ. 258ರಲ್ಲಿ ರೋಮಿನ ಅಧಿಕಾರಿ ಧರ್ಮಸಭೆಯ ಭಂಡಾರವನ್ನು ಒಪ್ಪಿಸೆಂದಾಗ, ಅವರು ಬಡವರನ್ನು ಕರೆತಂದು ನಿಲ್ಲಿಸಿ ಇವರೇ ನಮ್ಮ ಭಂಡಾರವೆಂದರೆಂಬುದು ಪರಂಪರೆಯ ಮಾತು. ಅಂಗಿಗಿಂತ ಅದನ್ನು ತೊಟ್ಟವರು ದೊಡ್ಡವರು ಎಂಬುದನ್ನು ಮರೆಯದ ಸಂಗ್ರಾಹಕನಿಗೆ ಈ ಹವ್ಯಾಸ ಹಾನಿ ಮಾಡದು.

1946ರಲ್ಲಿ ಬಂಗಾಳವನ್ನು ಮಣಿಸಿ ಸಂತೋಷ್ ಟ್ರೋಫಿ ಗೆದ್ದ ಮೈಸೂರು ತಂಡದ ಅಂಗಿಗಳನ್ನು, 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅಹ್ಮದ್ ಖಾನ್ ಮತ್ತು ಅವರ ಸಂಗಡಿಗರು ತೊಟ್ಟ ಅಂಗಿಗಳನ್ನು ನಮ್ಮ ಮಕ್ಕಳು ಎಂದಾದರೂ ಕಂಡಿದ್ದಾರೆಯೇ? ಕೋಟಿಗಳ ಮಾತು ಬಿಡೋಣ. ತಮ್ಮ ಮನೆಯ ಹಿರಿಯರು ಶಾಲೆಗೋ ಧರ್ಮಕೇಂದ್ರಕ್ಕೋ ಆಡಿದಾಗ ತೊಟ್ಟ ಅಂಗಿಯೊಂದು ಹಳೆಯ ಪೆಟ್ಟಿಗೆಯಲ್ಲಿದ್ದರೆ ಅದನ್ನು ನೆಲ ಒರೆಸಲು ಕೊಡದಿರಿ. ಆಡಿದವರ ಹೆಸರು, ವರ್ಷ, ಎದುರಾಳಿ ತಂಡ – ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಅದರೊಂದಿಗೆ ಇಡಿ. ಹೇಳುವವರು ಇರುವಾಗಲೇ ಕೇಳಿ ಬರೆದುಕೊಳ್ಳಿ. ಚೀಟಿ ಇದ್ದರೆ ಅದು ಕುಟುಂಬದ ಇತಿಹಾಸ. ಇಲ್ಲದಿದ್ದರೆ ಬರಿಯ ಹಳೆಯ ಬಟ್ಟೆ.